ರೆಪ್ಪೆಯ ಬಾವು ಎಲ್ಲವೂ ಕಣ್ಣುಕುಟಿಗೆಯೇ?

ಪ್ರಶ್ನೆ: ನಿನ್ನೆಯಿಂದ ನನ್ನ ಬಲಗಣ್ಣಿನ ಮೇಲ್ರೆಪ್ಪೆ ಊದಿಕೊಂಡು ನೋಯುತ್ತಿದೆ. ಮನೆಯಲ್ಲಿ ಕಣ್ಣುಕುಟಿಗೆ ಎನ್ನುತ್ತಾರೆ. ಬೇರೆ ಏನಾದರೂ ಇರಬಹುದೇ?

ಉತ್ತರ: ಮನೆಯವರ ಊಹೆ ಸರಿಯಿರಬಹುದು. ಕನ್ನಡಿ ಮುಂದೆ ನಿಂತು ನೋಡಿ. ಕೂದಲಿನ ಬುಡದಲ್ಲಿ ಕೆಂಪು ಗುಳ್ಳೆ, ತುದಿಯಲ್ಲಿ ಹಳದಿ ಕೀವು, ಮುಟ್ಟಿದರೆ ನೋವು ಇದ್ದರೆ ಅದು ಕಣ್ಣುಕುಟಿಗೆ. ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಅಂಚಿನಿಂದ ದೂರ ಬಟಾಣಿಯಂಥ ಗಟ್ಟಿ ಗಂಟಿದ್ದು, ನೋವು ಅಷ್ಟಾಗಿ ಇಲ್ಲದಿದ್ದರೆ ಎಣ್ಣೆಗ್ರಂಥಿ ಕಟ್ಟಿಕೊಂಡಿದೆ; ಇದು ಕೆಲೇಜಿಯಾನ್. ಎರಡೂ ಕಣ್ಣು ಊದಿ ತುರಿಸಿದರೆ ಅಲರ್ಜಿಯ ಸಾಧ್ಯತೆ ಹೆಚ್ಚು. ಮೂಗಿನ ಪಕ್ಕದ ಮೂಲೆಯಲ್ಲಿ ಬಾವು ಬಂದರೆ ಕಣ್ಣೀರಿನ ಚೀಲದ ಸೋಂಕಿರಬಹುದು. ಹಣೆಯ ಒಂದೇ ಬದಿಯಲ್ಲಿ ಉರಿಯುವ ನೀರುಗುಳ್ಳೆಗಳೂ ಇದ್ದರೆ ಸರ್ಪಸುತ್ತನ್ನು ಶಂಕಿಸಬೇಕು. ತಡಮಾಡದೆ ವೈದ್ಯರಿಗೆ ತೋರಿಸಿ.

ಕುಟಿಗೆಗೂ ಕೆಲೇಜಿಯಾನ್‌ಗೂ ಶುಚಿಯಾದ ಬಟ್ಟೆಯನ್ನು ಬೆಚ್ಚನೆಯ ನೀರಲ್ಲಿ ಅದ್ದಿ, ದಿನಕ್ಕೆ ಮೂರ್ನಾಲ್ಕು ಸಲ 5–10 ನಿಮಿಷ ಶಾಖ ಕೊಡಿ. ಹಿಸುಕಬೇಡಿ, ಕಾಡಿಗೆ, ಲೆನ್ಸ್ ಸದ್ಯಕ್ಕೆ ಬೇಡ.

ಜ್ವರ, ಕಣ್ಣುಗುಡ್ಡೆ ಹೊರಳಿಸಿದಾಗ ನೋವು, ಎರಡೆರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಗುಡ್ಡೆ ಮುಂದಕ್ಕೆ ಬರುವುದು: ಇವು ಸೋಂಕು ಕಣ್ಣಿನ ಹಿಂಭಾಗಕ್ಕೆ ಹರಡಿದ ಸೂಚನೆಯಾಗಬಹುದು. ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ ಗಂಟು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಬಯಾಪ್ಸಿ ಮಾಡಿಸಬೇಕಾಗುತ್ತದೆ.