ಭಾನುವಳ್ಳಿ ಹುಡುಗನಿಗೂ ರಷ್ಯಾ ಹುಡುಗನಿಗೂ ಒಂದೇ ಕಾಟ!

ಹರಿಹರ: ಭಾನುವಳ್ಳಿಯ ಒಬ್ಬ ಹುಡುಗ ಬೆಳಿಗ್ಗೆ ಬಸ್ಸು ಹತ್ತಿದ ಅಂತ ಇಟ್ಟುಕೊಳ್ಳಿ. ಬಸ್ಸು, ಟಿಕೆಟ್ಟು, ಸೀಟು, ಪಾಸು, ಸ್ಟಾಪು, ಡ್ರೈವರ್ರು, ಕಂಡಕ್ಟರ್ರು... ಹರಿಹರ ಬರುವಷ್ಟರಲ್ಲಿ ಅವನ ಬಾಯಿಂದ ಹತ್ತಿಪ್ಪತ್ತು ಇಂಗ್ಲಿಷ್ ಪದ ಉದುರಿರುತ್ತವೆ. ಒಂದಕ್ಕೂ ತಡವರಿಸಿಲ್ಲ. ಅದೇ ಹುಡುಗ ದಾವಣಗೆರೆಯಲ್ಲಿ ಕೆಲಸದ ಇಂಟರ್‌ವ್ಯೂಗೆ ಕುಂತಾಗ, ಮೇಜಿನ ಆಚೆ ಇರುವವರು ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದರೆ ಗಂಟಲು ಒಣಗುತ್ತದೆ. ಪದ ಇವೆ, ವಾಕ್ಯ ಇಲ್ಲ!

ಅಂಗಡಿಯವರ ಪಾಡೂ ಇಷ್ಟೇ. ಹರಿಹರೇಶ್ವರ ದೇವಸ್ಥಾನ ನೋಡಲು ಬಂದ ಪರರಾಜ್ಯದವರು ಗಲ್ಲಾಪೆಟ್ಟಿಗೆ ಮುಂದೆ ನಿಂತು ಏನೋ ಕೇಳುತ್ತಾರೆ. ಮಾಲು ಒಳಗೇ ಇದೆ. ಆದರೆ ‘ಇದೆ, ಒಂದು ನಿಮಿಷ ನಿಲ್ರಿ’ ಅಂತ ಹೇಳಲು ಬಾಯಿ ಬರುವುದಿಲ್ಲ. ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ನಷ್ಟ ಯಾರಿಗೆ?

ಇದಕ್ಕೆ ಹುಡುಗನನ್ನು ಬೈಯುವುದು ಸುಲಭ. ‘ಹತ್ತು ವರ್ಷ ಇಸ್ಕೂಲಿಗೆ ಹೋದೆ, ಏನು ಕಲಿತೆ?’ ಅಂತ ಅಪ್ಪ ಕೇಳುತ್ತಾನೆ. ಕಲಿತದ್ದು ಉಂಟು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡುವುದು ಗೊತ್ತು. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವುದು ಗೊತ್ತಿಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಈಯತ್ತೆಯಿಂದ ಇಂಗ್ಲಿಷು ಬಂದದ್ದೇ 2007-08ರಲ್ಲಿ. ಅದಕ್ಕೆ ಮುಂಚೆ ಕನ್ನಡ ಶಾಲೆಯಲ್ಲಿ ಓದಿದವರು ಎಬಿಸಿಡಿ ಕಂಡದ್ದು ಐದನೇ ಈಯತ್ತೆಯಲ್ಲಿ. ಅವರೇ ಇವತ್ತು ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಆಫೀಸಿನಲ್ಲಿ ಕುಂತಿದ್ದಾರೆ.

ಹೊಳೆಯಾಚೆಯ ಊರು, ರಷ್ಯನ್ ಮಾತು

ಇದಕ್ಕೂ ರಷ್ಯಾಕ್ಕೂ ಏನು ಸಂಬಂಧ ಅನ್ನಬೇಡಿ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲೂಕು. ಹೆದ್ದಾರಿಯಲ್ಲೇ ಸಿಗುವ ಊರು ಚಳಗೇರಿ. ಆ ಊರಿನ ನವೀನ್ ಶೇಖರಪ್ಪ ಗ್ಯಾನಗೌಡರ್ ಡಾಕ್ಟರ್ ಆಗಲು ಉಕ್ರೇನಿನ ಖಾರ್ಕಿವ್‌ಗೆ ಹೋಗಿದ್ದ. 2022ರ ಮಾರ್ಚ್ 1ರಂದು, ದಿನಸಿ ತರಲು ಹೋದವನು ಯುದ್ಧದ ಗುಂಡಿನ ದಾಳಿಗೆ ಬಲಿಯಾದ. ಮಾರ್ಚ್ 21ರಂದು ದೇಹ ಊರಿಗೆ ಬಂತು. ಮನೆಯವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಈ ಭಾಗದವರು ಅದನ್ನು ಮರೆತಿಲ್ಲ.

ಖಾರ್ಕಿವ್ ಬಹುಮಟ್ಟಿಗೆ ರಷ್ಯನ್ ಮಾತಾಡುತ್ತಿದ್ದ ಊರು. ಹೀಗೆ ಹೋದ ನಮ್ಮ ಹುಡುಗರಿಗೆ ಪಾಠ ಇಂಗ್ಲಿಷಿನಲ್ಲಿ, ಸಂತೆ ಮತ್ತು ಆಸ್ಪತ್ರೆ ವಾರ್ಡು ಅಲ್ಲಿಯವರ ಭಾಷೆಯಲ್ಲಿ, ಮನೆಗೆ ಫೋನು ಕನ್ನಡದಲ್ಲಿ. ವಿದೇಶದ ವೈದ್ಯಕೀಯ ಕೋರ್ಸು ಇಂಗ್ಲಿಷಿನಲ್ಲೇ ಇರಬೇಕು ಅಂತ 2021ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮವನ್ನೇ ಮಾಡಿತು. ಅಂದರೆ ಪಾಠ ಹೇಳುವ ರಷ್ಯನ್ ಮೇಷ್ಟರಿಗೂ ಇಂಗ್ಲಿಷು ಕಲಿತ ಭಾಷೆ, ಕೇಳುವ ಕನ್ನಡದ ಹುಡುಗನಿಗೂ ಕಲಿತ ಭಾಷೆ. ತಮಾಷೆ ಏನೆಂದರೆ, ಇಬ್ಬರೂ ಎಡವುವುದು ಬಹುಪಾಲು ಅದೇ ಕಲ್ಲಿಗೆ.

ಎಡವುವ ಕಲ್ಲು ಯಾವುದು?

ಮೊದಲನೆಯದು ‘ಎ’ ಮತ್ತು ‘ದ’. ರಷ್ಯನ್ ಭಾಷೆಯಲ್ಲಿ ಇವೆರಡೂ ಇಲ್ಲ, ಕನ್ನಡದಲ್ಲೂ ಇಲ್ಲ. ಅದಕ್ಕೇ ಅವನೂ ‘ಐ ಬಾಟ್ ಸೈಕಲ್’ ಅನ್ನುತ್ತಾನೆ, ಇವನೂ ಅನ್ನುತ್ತಾನೆ. ಆದರೆ ಇದರ ಗುಟ್ಟು ನಮ್ಮ ಅಜ್ಜಿಗೆ ಗೊತ್ತಿತ್ತು. ‘ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.’ ಮೊದಲ ಸಲ ಹೇಳುವಾಗ ‘ಒಬ್ಬ’, ಎರಡನೇ ಸಲ ‘ಆ’. ಇಂಗ್ಲಿಷಿನಲ್ಲಿ ಮೊದಲ ಸಲ ‘ಎ ಕಿಂಗ್’, ಎರಡನೇ ಸಲ ‘ದ ಕಿಂಗ್’. ಎಲ್ಲ ಕಡೆಗೂ ಇಷ್ಟೇ ಸಾಲದು, ಆದರೆ ಶುರು ಮಾಡಲು ಸಾಕು.

ಎರಡನೆಯದು ‘ಈಸ್’. ನಾವು ‘ಅವನು ಮೇಷ್ಟ್ರು’ ಅಂತೀವಿ. ರಷ್ಯನ್ನರು ‘ಓನ್ ಉಚೀತೆಲ್’ ಅಂತಾರೆ. ಅಲ್ಲೂ ಎರಡೇ ಪದ: ಅವನು, ಮೇಷ್ಟ್ರು. ಇಂಗ್ಲಿಷಿಗೆ ನಡುವೆ ‘ಈಸ್’ ಬೇಕೇ ಬೇಕು, ‘ಹೀ ಈಸ್ ಎ ಟೀಚರ್.’ ಅದನ್ನು ಬಿಟ್ಟರೆ ಎರಡು ಡಬ್ಬಿಯ ನಡುವೆ ಕೊಂಡಿ ಬಿಟ್ಟ ರೈಲಿನ ಹಾಗೆ.

ಮೂರನೆಯದು ‘ಹ್ಯಾವ್’. ‘ನನ್ನ ಹತ್ರ ಪುಸ್ತಕ ಇದೆ’ ಅನ್ನುವುದು ನಮ್ಮ ರೀತಿ. ರಷ್ಯನ್ನರ ‘ಉ ಮೆನ್ಯಾ ಯೆಸ್ತ್ ಕ್ನೀಗಾ’ ಕೂಡ ಹಾಗೇ, ನನ್ನ ಹತ್ರ ಇದೆ ಪುಸ್ತಕ. ಇಂಗ್ಲಿಷಿನವನಿಗೆ ಹತ್ರ ಗಿತ್ರ ಇಲ್ಲ, ‘ಐ ಹ್ಯಾವ್ ಎ ಬುಕ್.’ ಚಳಿಯಾದರೂ ಅಷ್ಟೇ. ನಾವು ‘ನನಗೆ ಚಳಿ’, ಅವರು ‘ಮ್ನ್ಯೆ ಖೋಲದ್ನ’, ಅದೂ ‘ನನಗೆ ಚಳಿ’ಯೇ. ಇಂಗ್ಲಿಷಿನಲ್ಲಿ ‘ಐ ಆಮ್ ಕೋಲ್ಡ್.’ ನಮ್ಮ ‘ನನಗೆ’ ಅಲ್ಲಿ ‘ಐ’ ಆಗುತ್ತದೆ: ನನಗೆ ಬೇಕು, ‘ಐ ವಾಂಟ್’, ನನಗೆ ಗೊತ್ತು, ‘ಐ ನೋ’.

ನಾಲ್ಕನೆಯದು ಮರ್ಯಾದೆ. ಅಂಗಡಿಯವರು ಇದನ್ನು ಚೆನ್ನಾಗಿ ಗಮನಿಸಬೇಕು. ‘ಕೊಡು’ ಬೇರೆ, ‘ಕೊಡ್ರಿ’ ಬೇರೆ. ರಷ್ಯನ್ ಭಾಷೆಯಲ್ಲೂ ‘ದಾಯ್’ ಅಂದರೆ ಕೊಡು, ‘ದಾಯ್ತೆ’ ಅಂದರೆ ಕೊಡ್ರಿ. ಇಂಗ್ಲಿಷಿನ ‘ಗಿವ್’ಗೆ ಬಾಲದಲ್ಲಿ ‘ರಿ’ ಇಲ್ಲ. ಆದ್ದರಿಂದ ನಾವು ಮನಸ್ಸಿನಲ್ಲಿ ‘ಕೊಡ್ರಿ’ ಇಟ್ಟುಕೊಂಡು ಬಾಯಲ್ಲಿ ‘ಗಿವ್ ಮನಿ’ ಅಂದರೆ, ಕೇಳಿದವನಿಗೆ ‘ದುಡ್ಡು ಕೊಡೋ’ ಅಂದ ಹಾಗೆ ಕೇಳಿಸುತ್ತದೆ. ನಮ್ಮ ‘ರಿ’ಯ ಜಾಗಕ್ಕೆ ಅಲ್ಲಿ ‘ಪ್ಲೀಸ್’ ಇದೆ, ‘ಕುಡ್ ಯು’ ಇದೆ. ‘ವಾಟ್ ಯು ವಾಂಟ್’ ಅನ್ನುವುದರ ಬದಲು ‘ವಾಟ್ ವುಡ್ ಯು ಲೈಕ್?’ ಅಂದರೆ ‘ಏನ್ ಬೇಕಿತ್ರಿ?’ ಅಂದಷ್ಟು ಹಿತ.

ನಮ್ಮ ಕೈ ಮೇಲಾಗುವ ಕಡೆ

ಒಂದು ಕಡೆ ಮಾತ್ರ ಕನ್ನಡದವರೇ ಮುಂದು. ‘ಓದ್ತೀನಿ’ ಮತ್ತು ‘ಓದ್ತಾ ಇದೀನಿ’ ಅಂತ ನಮಗೆ ಎರಡು ಇವೆ. ರಷ್ಯನ್ನರು ಎರಡಕ್ಕೂ ‘ಯಾ ಚಿತಾಯು’ ಅಂದು ಮುಗಿಸುತ್ತಾರೆ. ‘ಐ ರೀಡ್’ ಯಾವಾಗ, ‘ಐ ಆಮ್ ರೀಡಿಂಗ್’ ಯಾವಾಗ ಅಂತ ಅವರು ಹೊಸದಾಗಿ ಕಲಿಯಬೇಕು. ನಮಗೆ ಮನೆಯಲ್ಲೇ ಸಿಕ್ಕಿದೆ. ಆದರೆ ಇದ್ದವರಿಗೆ ಖರ್ಚು ಜಾಸ್ತಿ ಅನ್ನುವ ಹಾಗೆ, ನಾವು ‘ಇಂಗ್’ ಅನ್ನು ಎಲ್ಲದಕ್ಕೂ ಸುರಿಯುತ್ತೀವಿ. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ತಪ್ಪು. ‘ಐ ಹ್ಯಾವ್ ಟೂ ಚಿಲ್ಡ್ರನ್’ ಅಂದರೆ ಮುಗಿಯಿತು.

ಇಷ್ಟು ನೋಡಿದ ಮೇಲೆ ಒಂದು ಮಾತು ಸ್ಪಷ್ಟ. ಈ ತಪ್ಪುಗಳು ದಡ್ಡತನದಿಂದ ಬಂದವಲ್ಲ. ತಾಯಿಭಾಷೆಯ ದಾರಿಯಲ್ಲೇ ಇನ್ನೊಂದು ಭಾಷೆಗೆ ನಡೆಯಲು ಹೋದಾಗ ಆಗುವ ತಪ್ಪುಗಳು. ಮಾಸ್ಕೋದ ಎಂಜಿನಿಯರ್‌ಗೂ ಆಗುತ್ತವೆ, ಭಾನುವಳ್ಳಿಯ ಹುಡುಗನಿಗೂ ಆಗುತ್ತವೆ. ಆದರೆ ನಮ್ಮಲ್ಲಿ ಇನ್ನೊಂದು ರೋಗ ಇದೆ, ನಗುವುದು. ಯಾರೋ ಪಾಪ ಒಂದು ವಾಕ್ಯ ಆಡಿದರೆ ಹಿಂದಿನ ಸೀಟಿನಿಂದ ಕಿಸಕ್ಕನೆ ನಗು ಬರುತ್ತದೆ. ನಕ್ಕವನಿಗೂ ಆ ವಾಕ್ಯ ನೆಟ್ಟಗೆ ಬರುವುದಿಲ್ಲ! ಒಂದು ಸಲ ಹಾಗೆ ನಗಿಸಿಕೊಂಡವನು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ.

ಹತ್ತು ನಿಮಿಷದ ಅಭ್ಯಾಸ

ಇದಕ್ಕೆ ಸಾವಿರಾರು ರೂಪಾಯಿ ಫೀಸು ಬೇಕಿಲ್ಲ. ಇಬ್ಬರು ಇದ್ದರೆ ಸಾಕು. ಒಬ್ಬ ಅಂಗಡಿಯವ, ಒಬ್ಬ ಗಿರಾಕಿ.

‘ಹೌ ಮಚ್ ಈಸ್ ದಿಸ್?’

‘ಇಟ್ಸ್ ಫಾರ್ಟಿ ರುಪೀಸ್, ಸರ್.’

‘ಡು ಯು ಹ್ಯಾವ್ ಎ ಸ್ಮಾಲರ್ ಒನ್?’

‘ಯೆಸ್. ಪ್ಲೀಸ್ ವೇಟ್ ಎ ಮಿನಿಟ್.’

‘ಸಾರಿ, ಐ ಡೋಂಟ್ ಹ್ಯಾವ್ ಚೇಂಜ್.’

ಐದೇ ವಾಕ್ಯ. ಇದರಲ್ಲಿ ‘ಈಸ್’ ಇದೆ, ‘ಹ್ಯಾವ್’ ಇದೆ, ‘ಎ’ ಇದೆ, ‘ಪ್ಲೀಸ್’ ಇದೆ. ಒಂದು ವಾರ ಇವನ್ನೇ ಜೋರಾಗಿ ಆಡಬೇಕು. ಮನಸ್ಸಿನಲ್ಲಿ ಓದಿಕೊಂಡರೆ ನಾಲಿಗೆ ಪಳಗುವುದಿಲ್ಲ. ಮುಂದಿನ ವಾರ ನಲವತ್ತರ ಜಾಗಕ್ಕೆ ಐವತ್ತು, ಗಿರಾಕಿಯ ಜಾಗಕ್ಕೆ ಕಂಡಕ್ಟರ್. ತಪ್ಪಿದರೆ ಜೊತೆಗಾರ ನಗಬಾರದು. ಸರಿಯಾದದ್ದನ್ನು ಒಂದು ಸಲ ಹೇಳಿ ಮುಂದೆ ಹೋಗಬೇಕು.

ಭಾನುವಳ್ಳಿಯಿಂದ ದಿನಾ ಬಸ್ಸು ಹತ್ತುವವರಿಗೆ ಹೊತ್ತು ಇಲ್ಲ ಅನ್ನುವ ನೆಪವೂ ಇಲ್ಲ. ಹೋಗುವಾಗ ಒಂದಷ್ಟು, ಬರುವಾಗ ಒಂದಷ್ಟು ಮಾತಾಡಿಕೊಳ್ಳಬಹುದು. ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗ ಯಾರೊಡನೆಯೋ ತಡವರಿಸುತ್ತ ಇಂಗ್ಲಿಷು ಆಡಿದರೆ, ಈ ಪೇಪರು ಹಿಡಿದು ಕುಂತ ನೀವು ನಗಬೇಡಿ. ಆದರೆ ಒಂದು ವಾಕ್ಯ ನೀವೂ ಆಡಿ.