ಲೋಳೆಯ ಕೋಟೆಯೊಳಗಿನ ರೋಗಾಣು

ಬೆಳಗ್ಗೆ ಹಲ್ಲಿನ ಮೇಲೆ ನಾಲಿಗೆಗೆ ತಗಲುವ ಜಿಗುಟು ಪದರವು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಊರು. ಹಲ್ಲುಜ್ಜಿದರೆ ಅದು ಹೋಗುತ್ತದೆ. ಶ್ವಾಸಕೋಶದಲ್ಲಿ ಅಂತಹ ಊರೆದ್ದರೆ ತೆರವು ದುಸ್ಸಾಧ್ಯ.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದಲ್ಲಿ ಕಫ ಗಟ್ಟಿಯಾಗುತ್ತದೆ. ಅದರಲ್ಲಿ ಸೂಡೋಮೊನಾಸ್ ಬ್ಯಾಕ್ಟೀರಿಯಾಗಳು ಗುಂಪುಗೂಡಿ, ತಾವೇ ಸ್ರವಿಸಿದ ಲೋಳೆಯೊಳಗೆ ಹುದುಗುತ್ತವೆ. ಟೋಬ್ರಾಮೈಸಿನ್‌ನಂತಹ ಔಷಧವು ಆ ಲೋಳೆಗೇ ಅಂಟಿಕೊಂಡು ಒಳಸೇರಲು ತಡವಾಗುತ್ತದೆ. ಸೇರಿದರೂ, ಆಮ್ಲಜನಕ ವಿರಳವಾದ ಆಳದಲ್ಲಿ ರೋಗಾಣುಗಳು ಬೆಳೆಯದೆ ಮಂಕಾಗಿರುವುದರಿಂದ ಮದ್ದು ಅವುಗಳಿಗೆ ಅಷ್ಟಾಗಿ ನಾಟದು. ಚಿಕಿತ್ಸೆ ನಿಂತೊಡನೆ ಅವು ಮತ್ತೆ ತಲೆಯೆತ್ತುತ್ತವೆ.

ಹೀಗಾಗಿ ಡೆನ್ಮಾರ್ಕಿನ ವೈದ್ಯರು ಕೋಟೆ ಏಳುವ ಮುನ್ನವೇ, ರೋಗಾಣು ಮೊದಲು ಕಂಡಾಗಲೇ ಚಿಕಿತ್ಸೆ ನೀಡಿ ನೋಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆ ಪಡೆದ 14 ಮಂದಿಯಲ್ಲಿ ಇಬ್ಬರಿಗೆ ಮಾತ್ರ ಸೋಂಕು ಬೇರೂರಿತು. ಪಡೆಯದ 12 ಮಂದಿಯಲ್ಲಿ ಏಳು ಜನರಿಗೆ.