ಅರಿಯದೆ ಆದದ್ದು ಪಾಪವೇ?

ಅರಿಯದೆ ಆದ ಒಂದು ತಪ್ಪಿಗಾಗಿ ದೇವರು ತನ್ನನ್ನು ಕೈಬಿಟ್ಟನೇನೋ ಎಂಬ ಭಯ ಭಕ್ತಿಯುಳ್ಳ ಕ್ರೈಸ್ತರನ್ನು ಕಾಡುವುದು ಹೊಸದಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ ಮರೆತದ್ದು, ಜಪಸರ ಕೈಜಾರಿ ನೆಲಕ್ಕೆ ಬಿದ್ದದ್ದು, ಬಲಿಪೂಜೆಯ ನಡುವೆ ಕೆಟ್ಟ ಯೋಚನೆಯೊಂದು ಹಾದುಹೋದದ್ದು, ಸಿಟ್ಟಿನಲ್ಲಿ ಆಣೆ ಇಟ್ಟದ್ದು... ಇಂಥ ಚಿಕ್ಕ ಗಳಿಗೆಗಳೇ ಕೆಲವರ ನಿದ್ದೆ ಕೆಡಿಸುತ್ತವೆ.

ದಿಲ್ಲಿಯಂಥ ಊರಿನಲ್ಲಿ ಈ ಭಯಕ್ಕೆ ಇನ್ನೊಂದು ಮುಖವೂ ಇದೆ. ಗೋಲ್ ಡಾಕ್‌ಖಾನಾ ವೃತ್ತದ ಬಳಿ ಸೇಕ್ರೆಡ್ ಹಾರ್ಟ್ ಕ್ಯಾಥೆಡ್ರಲ್ ಇದೆ. 1929ರಲ್ಲಿ ಅಡಿಗಲ್ಲು ಹಾಕಿದ ಈ ಕಥೋಲಿಕ ದೇವಾಲಯದ ವಾಸ್ತುಶಿಲ್ಪಿ ಹೆನ್ರಿ ಮೆಡ್. ಅದರ ನೆರೆಯಲ್ಲೇ ಬಂಗ್ಲಾ ಸಾಹಿಬ್ ಗುರುದ್ವಾರದ ಚಿನ್ನದ ಗುಮ್ಮಟ. ನಡೆದು ಹೋಗುವಷ್ಟು ದೂರದಲ್ಲಿ, ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ, ಹನುಮಾನ್ ಮಂದಿರ. ಮಂಗಳವಾರ ಸಹೋದ್ಯೋಗಿಯೊಬ್ಬರು ಆಫೀಸಿನ ಮೇಜಿನ ಮೇಲೆ ಬೂಂದಿಯ ಪೊಟ್ಟಣ ಬಿಚ್ಚಿಡುತ್ತಾರೆ. ಕೆಲಸದ ಗಡಿಬಿಡಿಯಲ್ಲಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ ಮೇಲೆ ಅದು ಪ್ರಸಾದವೆಂದು ತಿಳಿಯುತ್ತದೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಕೆಲಸಕ್ಕೆ ಬಂದು ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿದ ಕ್ರೈಸ್ತರಿಗೆ ಇದು ಅಪರೂಪದ ಅನುಭವವಲ್ಲ. ಬಹಳ ಮಂದಿ ಅದನ್ನು ಅಲ್ಲಿಗೇ ಬಿಡುತ್ತಾರೆ. ಕೆಲವರಿಗೆ ಮಾತ್ರ ಅದು ವಾರಗಟ್ಟಲೆ ಕೊರೆಯುತ್ತದೆ.

ಈ ಕೊರೆತಕ್ಕೆ ಕ್ರೈಸ್ತ ಬೋಧನೆಯಲ್ಲಿ ಸ್ಪಷ್ಟ ಉತ್ತರವಿದೆ. 1992ರಲ್ಲಿ ಪ್ರಕಟಿಸಲಾದ ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ, ದೇವರೊಂದಿಗಿನ ಸಂಬಂಧವನ್ನೇ ಮುರಿಯುವ ಮಾರಕ ಪಾಪಕ್ಕೆ ಮೂರು ಅಂಶಗಳು ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂಬ ಪೂರ್ಣ ಅರಿವಿರಬೇಕು, ಅರಿತೂ ಮಾಡುವ ಮನಸ್ಸಿರಬೇಕು. ಕೈಜಾರಿದ ಜಪಸರದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ತಾನಾಗಿ ಸುಳಿದ ಕೆಟ್ಟ ಯೋಚನೆಯೂ ಪಾಪವಲ್ಲ. ಅದನ್ನು ಬೇಕೆಂದೇ ಒಳಗೆ ಕರೆದು ಕೂರಿಸಿಕೊಂಡಾಗ ಮಾತ್ರ ಹೊಣೆ ಹುಟ್ಟುತ್ತದೆ. ಪ್ರೊಟೆಸ್ಟೆಂಟ್ ಸಭೆಗಳು ಪಾಪವನ್ನು ಹೀಗೆ ವಿಂಗಡಿಸುವುದಿಲ್ಲ. ರಕ್ಷಣೆ ಮನುಷ್ಯನ ಎಚ್ಚರಿಕೆಯ ಫಲವಲ್ಲ, ದೇವರ ಕೃಪೆ ಎಂಬುದು ಅವುಗಳ ಬೋಧನೆ. ಹಾದಿ ಬೇರೆಯಾದರೂ ಎರಡೂ ಮುಟ್ಟುವ ಊರು ಒಂದೇ: ಗೊತ್ತಿಲ್ಲದೆ ಎಡವಿದ ಮಗುವನ್ನು ತಂದೆ ಹೊರಗೆ ಹಾಕುವುದಿಲ್ಲ.

ಬೂಂದಿಯ ಪ್ರಶ್ನೆಗೆ ಸುಮಾರು 2,000 ವರ್ಷಗಳ ಇತಿಹಾಸವಿದೆ. ಮೊದಲ ಶತಮಾನದ ಕೊರಿಂಥ ಪಟ್ಟಣದಲ್ಲಿ ಗುಡಿಗಳಲ್ಲಿ ಬಲಿಕೊಟ್ಟ ಪ್ರಾಣಿಗಳ ಮಾಂಸ ಪೇಟೆಗೂ ಬರುತ್ತಿತ್ತು. ಅದನ್ನು ಕೊಂಡು ತಿಂದವರು ಹೆದರಿದಾಗ ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದ. ಪೇಟೆಯಲ್ಲಿ ಮಾರುವುದನ್ನೂ, ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನೂ ವಿಚಾರಣೆ ಮಾಡುತ್ತ ಕೂರದೆ ತಿನ್ನಬಹುದು ಎಂದ. ಬೇರೆ ಆರಾಧನೆಯಲ್ಲಿ ತಿಳಿದೂ ಪಾಲುಗೊಳ್ಳಬಾರದು ಎಂದ. ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು ಎಂದ. ಪ್ರಸಾದವನ್ನು ತಿಳಿದು ಸ್ವೀಕರಿಸುವ ಬಗ್ಗೆ ಇವತ್ತಿಗೂ ಸಭೆಗಳಲ್ಲಿ ಭಿನ್ನ ನಿಲುವುಗಳಿವೆ. ಆದರೆ ಗೊತ್ತಿಲ್ಲದೆ ತಿಂದವನು ದೋಷಿಯಲ್ಲ ಎಂಬುದು ಪೌಲನ ಮಾತಿನಲ್ಲೇ ಅಡಗಿದೆ.

ಎರಡನೆಯ ದೊಡ್ಡ ಭಯ ಕ್ಷಮೆಯೇ ಇಲ್ಲದ ಪಾಪದ್ದು. ಪವಿತ್ರಾತ್ಮನನ್ನು ದೂಷಿಸುವುದಕ್ಕೆ ಕ್ಷಮೆಯಿಲ್ಲ ಎಂಬ ಯೇಸುವಿನ ಮಾತು ಮತ್ತಾಯ, ಮಾರ್ಕ, ಲೂಕ ಮೂವರ ಬರಹದಲ್ಲೂ ಇದೆ. ಒಂದು ಕ್ಷಣ ಮನಸ್ಸಿನಲ್ಲಿ ಸುಳಿದ ದೂಷಣೆಯ ಶಬ್ದಕ್ಕೆ ಇದನ್ನು ಹೊಂದಿಸಿಕೊಂಡು ನಡುಗುವವರಿದ್ದಾರೆ. ಆ ಮಾತು ಹುಟ್ಟಿದ ಸಂದರ್ಭ ಬೇರೆ. ರೋಗಿಗಳು ಗುಣವಾಗುವುದನ್ನು ಕಣ್ಣಾರೆ ಕಂಡೂ ಅದು ದೆವ್ವದ ಕೆಲಸವೆಂದು ಹಟ ಹಿಡಿದವರಿಗೆ ಹೇಳಿದ್ದು ಅದು. ಬೆಳಕನ್ನು ಬೆಳಕೆಂದು ತಿಳಿದೂ ಕೊನೆಯವರೆಗೆ ಬಾಗಿಲು ಮುಚ್ಚಿಕೊಳ್ಳುವ ಮನಸ್ಸಿನ ಬಗೆಗಿನ ಎಚ್ಚರಿಕೆ ಅದು. ಕ್ಷಮೆ ಬೇಕೆಂದು ಹಂಬಲಿಸುವವನು ಬಾಗಿಲು ತಟ್ಟುತ್ತಿದ್ದಾನೆ, ಮುಚ್ಚುತ್ತಿಲ್ಲ. ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ 19ನೇ ಶತಮಾನದಲ್ಲೇ ಕನ್ನಡಕ್ಕೆ ಬಂದ ಕೃತಿಯ ಕರ್ತೃ ಜಾನ್ ಬನ್ಯನ್‌ಗೂ ಇದೇ ಭಯ ದೀರ್ಘಕಾಲ ಇತ್ತು. 1666ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತ ಅದನ್ನು ಮುಚ್ಚಿಡದೆ ಬರೆದಿದ್ದಾನೆ.

ಮೂರನೆಯದು ಆತುರದ ಹರಕೆ. ಮಗುವಿನ ಜ್ವರ ಏರಿದಾಗ ಬಾಯಿಗೆ ಬಂದ ಮಾತು ಹರಕೆಯಾಗಿ ಕಟ್ಟಿಹಾಕಿತೇ ಎಂಬ ಅಳುಕು ತಾಯಂದಿರಲ್ಲಿ ಇರುತ್ತದೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ಹೇಳುವಂತೆ ಹರಕೆಯೆಂದರೆ ಯೋಚಿಸಿ, ಸ್ವತಂತ್ರವಾಗಿ ದೇವರಿಗೆ ಕೊಟ್ಟ ಮಾತು. ಸುಮ್ಮನೆ ಬಾಯಿಂದ ಜಾರಿದ್ದು ಆ ಲೆಕ್ಕಕ್ಕೆ ಸೇರದು. ನಿಜವಾದ ಹರಕೆಯೇ ಆಗಿದ್ದು ತೀರಿಸಲಾಗದಿದ್ದರೂ, ಸರಿಯಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಅದರಿಂದ ಬಿಡುಗಡೆ ಕೊಡಬಹುದು.

ಇಷ್ಟು ವಿವರಿಸಿದ ಮೇಲೂ ಭಯ ಹೋಗದವರಿಗಾಗಿ ಕ್ರೈಸ್ತ ಪರಂಪರೆ ಒಂದು ಹೆಸರನ್ನೇ ಇಟ್ಟುಕೊಂಡಿದೆ: ‘ಸ್ಕ್ರೂಪಲ್’. ಲ್ಯಾಟಿನ್‌ನಲ್ಲಿ ಅದರ ಮೂಲಪದಕ್ಕೆ ಚೂಪಾದ ಚಿಕ್ಕ ಕಲ್ಲು ಎಂದರ್ಥ. ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಅದು ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನಾಷಿಯಸ್ ಲೊಯೊಲಾ ಈ ನೋವನ್ನು ಅನುಭವಿಸಿಯೇ ಅರಿತವನು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಹೇಳಿಕೊಂಡ ಪಾಪವನ್ನೇ ಸರಿಯಾಗಿ ಹೇಳಲಿಲ್ಲವೇನೋ ಎಂದು ಮತ್ತೆ ಮತ್ತೆ ಪಾಪನಿವೇದನೆಗೆ ಹೋಗುತ್ತಿದ್ದ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಒಮ್ಮೆ ನಿವೇದಿಸಿದ ಹಳೆಯ ಪಾಪವನ್ನು ಮತ್ತೆ ಕೆದಕುವುದಿಲ್ಲವೆಂದು ನಿಶ್ಚಯಿಸಿದ ಮೇಲೆಯೇ ಅವನಿಗೆ ಬಿಡುಗಡೆ ಸಿಕ್ಕಿತು. ಮುಂದೆ ತನ್ನ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಅವನು ಕೊಟ್ಟ ಉದಾಹರಣೆ ಇವತ್ತಿಗೂ ಹೊಸದೆನಿಸುತ್ತದೆ. ದಾರಿಯಲ್ಲಿ ಎರಡು ಹುಲ್ಲುಕಡ್ಡಿಗಳು ಶಿಲುಬೆಯ ಆಕಾರದಲ್ಲಿ ಬಿದ್ದಿವೆ. ನಡೆಯುವವನು ನೋಡದೆ ತುಳಿಯುತ್ತಾನೆ. ಆಮೇಲೆ ತಾನು ಪಾಪ ಮಾಡಿದೆನೆಂದು ತೀರ್ಮಾನಿಸುತ್ತಾನೆ. ಇದು ಪಾಪವಲ್ಲ, ತಪ್ಪು ತೀರ್ಮಾನ ಎನ್ನುತ್ತಾನೆ ಇಗ್ನಾಷಿಯಸ್. ಅವನ ಕಾಲದವನೇ ಆದ ಮಾರ್ಟಿನ್ ಲೂಥರ್ ಕೂಡ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ಸಮಾಧಾನ ಕಾಣದವನು. ಬೇರೆ ಬೇರೆ ದಾರಿ ಹಿಡಿದ ಇಬ್ಬರನ್ನೂ ಒಂದೇ ಹರಳು ಚುಚ್ಚಿತ್ತು.

ಹಾಗೆಂದು ಎಲ್ಲ ಅಳುಕೂ ಸುಳ್ಳಲ್ಲ. ಅಜಾಗ್ರತೆಯಿಂದ ಇನ್ನೊಬ್ಬರಿಗೆ ನಿಜವಾಗಿ ನೋವಾಗಿದ್ದರೆ ಅದಕ್ಕೆ ಮದ್ದು ಭಯವಲ್ಲ, ದುರಸ್ತಿ. ಮನೆಗೆಲಸದವರ ಮೇಲೆ ಕೂಗಾಡಿದ್ದರೆ ಅವರ ಬಳಿಯೇ ಕ್ಷಮೆ ಕೇಳಬೇಕು. ಸ್ಕೂಟರಿಗೆ ಕಾರು ತಾಗಿಸಿದ್ದರೆ ಇಳಿದು ನೋಡಿ ನಷ್ಟ ತುಂಬಬೇಕು. ಪೇತ್ರನು ಅಂಗಳದ ಬೆಂಕಿಯ ಬಳಿ ನಿಂತು ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ್ದ. ಅದು ಕೈತಪ್ಪಲ್ಲ, ಹೆದರಿ ಆಡಿದ ಸುಳ್ಳು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ, ಮತ್ತೊಂದು ಕೆಂಡದ ಬೆಂಕಿಯ ಬಳಿ, ಯೇಸು ಅವನಿಗೆ ಊಟ ಕೊಟ್ಟ ಮೇಲೆ ತನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದ, ಪ್ರತಿ ಸಲವೂ ಕೆಲಸ ಒಪ್ಪಿಸಿದ. ನಿರಾಕರಣೆಯ ಲೆಕ್ಕ ಕೇಳಲಿಲ್ಲ.

ಭಯ ತಿಂಗಳುಗಟ್ಟಲೆ ಬಿಡದೆ, ಒಂದೇ ಪ್ರಾರ್ಥನೆಯನ್ನು ‘ಸರಿಯಾಗಿ’ ಹೇಳಲು ಹತ್ತಾರು ಸಲ ಶುರುಮಾಡುವಂತಾದರೆ, ಕೆಲಸಕ್ಕೂ ಊಟಕ್ಕೂ ಅಡ್ಡಿಯಾದರೆ ಅದು ಗೀಳುರೋಗದ ಧಾರ್ಮಿಕ ರೂಪವಾಗಿರಬಹುದು. ಅದು ಭಕ್ತಿಯ ಕೊರತೆಯಲ್ಲ, ಚಿಕಿತ್ಸೆಯಿರುವ ಕಾಯಿಲೆ. ಅನುಮಾನ ಬಂದಾಗ ಮತ್ತೆ ಪರೀಕ್ಷಿಸದೆ, ಮತ್ತೆ ಕೇಳದೆ ತಡೆದು ನಿಲ್ಲುವ ಅಭ್ಯಾಸವನ್ನು ತಜ್ಞರು ಹಂತಹಂತವಾಗಿ ಕಲಿಸುತ್ತಾರೆ. ಅಗತ್ಯವಿದ್ದರೆ ಮಾತ್ರೆಯೂ ಇದೆ. ದಿಲ್ಲಿಯಲ್ಲಿ ಏಮ್ಸ್‌ನ ಮನೋವೈದ್ಯಕೀಯ ವಿಭಾಗ, ದಿಲ್‌ಶಾದ್ ಗಾರ್ಡನ್‌ನ ಇಹ್‌ಬಾಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇಂಥ ನೆರವು ನೀಡುತ್ತವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ ಮಾತಾಡಬಹುದು.

ಗುರುಗಳಿಗೂ ಸಭಾಪಾಲಕರಿಗೂ ಮನೆಯವರಿಗೂ ಇಲ್ಲೊಂದು ಎಚ್ಚರಿಕೆ ಅಗತ್ಯ. ನಿನ್ನದೇನೂ ತಪ್ಪಿಲ್ಲ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದರೆ ಅದು ಹತ್ತು ನಿಮಿಷದ ನೆಮ್ಮದಿ ಕೊಟ್ಟು ಹನ್ನೊಂದನೆಯ ಪ್ರಶ್ನೆಗೆ ದಾರಿ ಮಾಡುತ್ತದೆ. ಊರಿನಿಂದ ಫೋನಿನಲ್ಲಿ ಸಮಾಧಾನ ಹೇಳುವ ಅಮ್ಮ ಒಮ್ಮೆ ಪ್ರೀತಿಯಿಂದ, ಖಚಿತವಾಗಿ ಉತ್ತರಿಸಿ, ಮತ್ತೆ ಅದೇ ಪ್ರಶ್ನೆ ಬಂದಾಗ ಮಧ್ಯಾಹ್ನ ಏನು ಊಟ ಮಾಡಿದೆ ಎಂದು ವಿಚಾರಿಸುವುದೇ ಹೆಚ್ಚಿನ ಉಪಕಾರ. ಭಯದಲ್ಲಿರುವವನೂ ಒಬ್ಬರೇ ಗುರುಗಳನ್ನು ಆರಿಸಿಕೊಂಡು, ಅವರು ಒಮ್ಮೆ ಹೇಳಿದ ಮಾತನ್ನು ನಂಬಿ ನಡೆಯಬೇಕು. ಅನುಮಾನ ಪೂರ್ತಿ ಆರುವವರೆಗೆ ಕಾಯಬೇಕಿಲ್ಲ. ಅನುಮಾನ ಇದ್ದಂತೆಯೇ ಭಾನುವಾರ ಎದ್ದು ಪೂಜೆಗೆ ಹೋಗಬಹುದು, ಸೋಮವಾರ ಕೆಲಸಕ್ಕೂ ಹೋಗಬಹುದು.